ಅಮಾವಾಸ್ಯೆಯ ಮಾತ್ರೆ

ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಹೊತ್ತು ಸ್ವಂತ ದನಿಯಲ್ಲಿ ಮಾತಾಡುವುದಿಲ್ಲ. ಇದನ್ನು ಕಲೆ ಎಂದು ಹೊಗಳಬೇಕಾಗಿಲ್ಲ. ಇದು ಸದ್ದಿನ ಜೊತೆ ಮಾಡಿಕೊಂಡ ರಾಜಿ. ದೊಡ್ಡಬಳ್ಳಾಪುರದ ನಮ್ಮಂಥ ಮನೆಗಳಲ್ಲಿ ನಡುಮನೆಯ ಗೋಡೆ ದಾಟಿದರೆ ಪವರ್‌ಲೂಮ್ ಮಗ್ಗಗಳು. ಅವು ಓಡುತ್ತಿರುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಅರ್ಧ ಮಾತು ಎಳೆ ಹೊತ್ತು ಅತ್ತಿಂದಿತ್ತ ಹಾರುವ ಲಾಳಿಯ ಪಾಲಾಗುತ್ತದೆ. ಹಾಗಾಗಿ ಬಾಗಿಲಿಗೆ ಯಾರು ಬಂದಿದ್ದಾರೆ ಎಂದು ಒಳಗಿದ್ದವರಿಗೆ ತಿಳಿಸಬೇಕಾದರೆ ನಾವು ಹೆಸರು ಕೂಗುವುದಿಲ್ಲ, ಬಂದವರನ್ನು ಮಾಡಿ ತೋರಿಸುತ್ತೇವೆ. ಹೊಟ್ಟೆ ಮುಂದೆ ತಳ್ಳಿ ಬೆಲ್ಟು ಮೇಲೆಳೆದುಕೊಂಡರೆ ಲೈನ್‌ಮನ್. ಒಂದು ಭುಜ ಇಳಿಸಿ ಭಾರದ ಕ್ಯಾನು ಹಿಡಿದ ಹಾಗೆ ನಿಂತರೆ ದೊಡ್ಡಬೆಳವಂಗಲದ ಕಡೆಯಿಂದ ಹಾಲು ತರುವವನು. ಬಾಯಿಯನ್ನು ಎಡಗಡೆಗೆ ಎಳೆದು, ಎಲೆಯಡಿಕೆ ತುಂಬಿದ ಕೆನ್ನೆಯಿಂದ ಗೊಣಗಿದರೆ ನಮ್ಮ ಸೀರೆಗಳನ್ನು ಕೊಳ್ಳಲು ಬರುವ ದಲ್ಲಾಳಿ.

ಈ ವಿದ್ಯೆಯಲ್ಲಿ ಹಿರಿಯಳು ಅಪ್ಪನ ತಾಯಿ, ನನ್ನ ಅಜ್ಜಿ. ನಾನು ಅವಳ ಶಿಷ್ಯ. ನಾನು ರೈಲಿನ ಟಿಕೆಟ್ ಕಲೆಕ್ಟರನ್ನು ಮಾಡುತ್ತೇನೆ, ಅಪ್ಪ ಸಿಟ್ಟು ಬಂದಾಗ ಕನ್ನಡಕ ಒರೆಸುವುದನ್ನು ಮಾಡುತ್ತೇನೆ, ಅಮ್ಮ ಫೋನಿನಲ್ಲಿ ತನ್ನ ತಂಗಿಯ ಜೊತೆ ಮಾತಾಡುತ್ತ ನಮ್ಮನ್ನು ಬಯ್ಯುವುದನ್ನು ಮಾಡುತ್ತೇನೆ. ಅಜ್ಜಿ ನನ್ನನ್ನು ಮಾಡುತ್ತಾಳೆ: ಮೊಬೈಲು ನೋಡುತ್ತ ನಡೆದು, ಬಾಗಿಲಿಗೆ ಹಣೆ ಬಡಿಸಿಕೊಂಡು, ಬಾಗಿಲಿಗೇ ಸಾರಿ ಕೇಳುವ ಹುಡುಗ. ಒಂದು ಸಲ ಹಾಗಾಗಿತ್ತು, ಸುಳ್ಳಲ್ಲ. ಅವಳ ಲೆಕ್ಕದಲ್ಲಿ ನಾನು ಇವತ್ತಿಗೂ ಆ ಬಾಗಿಲಲ್ಲೇ ನಿಂತಿದ್ದೇನೆ.

ಮಗ್ಗದ ಕೆಲಸದಲ್ಲಿ ಅಜ್ಜಿಯದು ಕಂಡಿಕೆ ಸುತ್ತುವುದು. ಲಾಳಿಯ ಹೊಟ್ಟೆಯೊಳಗೆ ಕೂರುವ, ಬೆರಳಿನಷ್ಟುದ್ದದ, ದಾರ ಸುತ್ತಿದ ಕಡ್ಡಿಗೆ ಕಂಡಿಕೆ ಎನ್ನುತ್ತೇವೆ. ಅಪ್ಪ ಮಗ್ಗ ಓಡಿಸಿ ಅಂಗೈ ಎತ್ತಿ ತೋರಿಸಿದರೆ ಅವಳ ಪುಟ್ಟ ಯಂತ್ರ ಶುರು. ಮಗ್ಗ ನಿಂತರೆ ಅವಳೂ ನಿಲ್ಲಿಸಿಬಿಡಬೇಕು, ಅರ್ಧ ಸುತ್ತಿದ್ದರೂ ಸರಿಯೇ. ಮುಂದಕ್ಕೆ ಬೇಕಾಗುತ್ತದೆಂದು ರಾಶಿ ಸುತ್ತಿಟ್ಟರೆ, ಹಳೆಯ ಬಣ್ಣದ ಕಂಡಿಕೆ ಹೊಸ ಬಣ್ಣದ ನಡುವೆ ಸೇರಿಕೊಂಡು, ಸೀರೆಗೆ ಅಡ್ಡಲಾಗಿ ಒಂದು ಪಟ್ಟೆ ಬೀಳುತ್ತದೆ. ಅದನ್ನು ದಲ್ಲಾಳಿ ಎಷ್ಟು ದೂರದಿಂದಲಾದರೂ ಕಂಡುಹಿಡಿಯುತ್ತಾನೆ.

ನಾನು ಮಗ್ಗಕ್ಕೆ ಕೂರಲಿಲ್ಲ. ಬೆಳಗ್ಗೆ ರೈಲು ಹತ್ತಿ ಬೆಂಗಳೂರಿನ ಒಂದು ಲ್ಯಾಬಿಗೆ ಹೋಗಿ ಸಂಜೆ ಊರಿಗೆ ಬರುತ್ತೇನೆ. ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ಹೇಳುತ್ತೇನೆಯೇ ಹೊರತು, ಮುಗಿಸುತ್ತಿದ್ದೇನೆ ಎಂದು ಯಾರಿಗೂ ಹೇಳಿಲ್ಲ. ಜೀವಕೋಶ ಎರಡಾಗುವ ಹೊತ್ತಿನಲ್ಲಿ ಹಿಸ್ಟೋನ್ ಎಂಬ ಪ್ರೋಟೀನಿನ ಜೀನುಗಳನ್ನು ಯಾರು ಎಬ್ಬಿಸುತ್ತಾರೆ, ಯಾರು ಮಲಗಿಸುತ್ತಾರೆ ಎಂದು ನೋಡುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ ಇದನ್ನು ವಿವರಿಸಲು ಹೋಗಿ ಎಷ್ಟೋ ಜನರನ್ನು ಬೇಗ ಊಟಕ್ಕೆ ಎಬ್ಬಿಸಿದ್ದೇನೆ.

ಅಜ್ಜಿಯ ಬೆರಳ ತುದಿಗಳು ಉರಿಯಲು ಶುರುವಾದಾಗ ಎಲ್ಲರೂ ಮೊದಲು ದಾರದ ಬಣ್ಣವನ್ನು ಬಯ್ದರು. ಕೆಂಪಗೆ ಊದಿದ ಬೆರಳುಗಳನ್ನು ಅವಳು ತಣ್ಣೀರಿನ ಚೊಂಬಿನಲ್ಲಿ ಅದ್ದಿ ಕೂತಿರುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅವಳಲ್ಲಿ ವಿಪರೀತ ಹೆಚ್ಚಿವೆ ಎಂದು ತಿಳಿಯಿತು. ಪಕ್ಕದ ಮನೆಯಾಕೆ ಬಂದು ಶುಭಾಶಯ ಹೇಳುವ ಧಾಟಿಯಲ್ಲಿ, "ಡೆಂಗ್ಯೂ ಬಂದೋರು ಪ್ಲೇಟ್‌ಲೆಟ್ ಏರ್ಲಿ ಅಂತ ಪರಂಗಿ ಎಲೆ ರಸ ಕುಡಿದು ಸಾಯ್ತಾರೆ, ನಿಮಗೆ ದೇವ್ರೇ ಕೊಟ್ಟಿದಾನೆ" ಎಂದರು. ಆದರೆ ಬೆಂಗಳೂರಿನ ರಕ್ತದ ಡಾಕ್ಟರು ನಗಲಿಲ್ಲ. ಮೂಳೆಯ ಮಜ್ಜೆ ಯಾರೂ ಕೇಳದೆಯೇ ಪ್ಲೇಟ್‌ಲೆಟ್ ತಯಾರಿಸುತ್ತಿದೆ, ಹೀಗೇ ಬಿಟ್ಟರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು, ದಿನಾ ಒಂದು ಮಾತ್ರೆ ತೆಗೆದುಕೊಳ್ಳಬೇಕು ಎಂದು ಬರೆದುಕೊಟ್ಟರು.

ಚೀಟಿ ನೋಡಿ ನಾನು ರಸ್ತೆಯಲ್ಲೇ ನಿಂತೆ. ಹೈಡ್ರಾಕ್ಸಿಯೂರಿಯಾ. ನನ್ನ ಲ್ಯಾಬಿನ ಮೇಜಿನ ಮೇಲೆ ಇದೇ ವಸ್ತು ಬಿಳಿಯ ಪುಡಿಯಾಗಿ ಸೀಸೆಯಲ್ಲಿ ಕೂತಿದೆ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ನಾನು ಅದನ್ನೇ ಹಾಕುತ್ತೇನೆ.

ಮನೆಗೆ ಬಂದ ಮೇಲೆ ಅಪ್ಪ ಕನ್ನಡಕ ಏರಿಸಿ ಮಾತ್ರೆಗಳಿದ್ದ ಹೊಳೆಯುವ ಪಟ್ಟಿಯ ಹಿಂಬದಿಯನ್ನು ಓದಿ, "ಯೂರಿಯಾ ಅಂತ ಇದೆಯಲ್ಲೋ" ಎಂದರು.

"ನಾನೇನು ಮುಸುಕಿನ ಜೋಳದ ಹೊಲಾನಾ" ಎಂದಳು ಅಜ್ಜಿ. ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಕಡೆ ನೋಡಿದಳು. "ನೀನು ಇದ್ರಲ್ಲೇ ಓದ್ತಾ ಇರೋದಲ್ವಾ. ಇದು ಒಳಗೆ ಹೋಗಿ ಏನು ಮಾಡತ್ತೆ ಹೇಳು. ಆಮೇಲೆ ನುಂಗ್ತೀನಿ."

ಇಂಥ ಅವಕಾಶ ನನ್ನಂಥವನಿಗೆ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ನಿನ್ನ ಸಂಶೋಧನೆಯನ್ನು ವಿವರಿಸು ಎಂದು ಒಬ್ಬರು ಕೈಯಲ್ಲಿ ನೀರಿನ ಲೋಟ ಹಿಡಿದು ಕಾಯುತ್ತಿದ್ದರು.

"ನಿನ್ನ ಮೈಯಲ್ಲಿರೋ ಒಂದೊಂದು ಜೀವಕೋಶದಲ್ಲೂ ಉದ್ದ ಉದ್ದ ದಾರ ಇದೆ ಅಜ್ಜಿ. ಎಲ್ಲಾ ಜೋಡಿಸಿದ್ರೆ ಅಪ್ಪನಿಗಿಂತ ಉದ್ದ. ಸಿಕ್ಕಾಗ್ಬಾರ್ದು ಅಂತ ಅದನ್ನ ಚಿಕ್ಕ ಚಿಕ್ಕ ಕಂಡಿಕೆಗೆ ಸುತ್ತಿರತ್ತೆ. ಆ ಕಂಡಿಕೆ ಹೆಸರು ಹಿಸ್ಟೋನು."

"ಯಾರು ಸುತ್ತೋದು?"

"ಅದೇ ನನ್ನ ಪಿಎಚ್‌ಡಿ."

"ಅಂದ್ರೆ ಇನ್ನೂ ಗೊತ್ತಿಲ್ಲ."

ಅಷ್ಟರಲ್ಲಿ ಮಗ್ಗದ ಮನೆಗೆ ಹೋಗಿದ್ದ ಅಪ್ಪನ ನಗು ಅಲ್ಲಿಂದ ಕೇಳಿತು. ಅವತ್ತು ಕರೆಂಟಿರಲಿಲ್ಲ, ಇಲ್ಲದಿದ್ದರೆ ಕೇಳುತ್ತಿರಲಿಲ್ಲ.

ಅವಳಿಗೆ ನಾನು ಹೇಳಿದ್ದನ್ನು ಇಲ್ಲಿ ಕೊಂಚ ನೆಟ್ಟಗೆ ಹೇಳಿಬಿಡುತ್ತೇನೆ. ನನ್ನ ಗೈಡ್ ಮೇಡಂ ಎಂದಾದರೂ ಓದಿದರೆ ನೆಮ್ಮದಿಯಾಗಿರಲಿ. ಒಂದು ಕೋಶ ಎರಡಾಗುವ ಮೊದಲು ತನ್ನ ದಾರವನ್ನೆಲ್ಲ, ಅಂದರೆ ಡಿಎನ್‌ಎಯನ್ನು, ನಕಲು ಮಾಡಿಕೊಳ್ಳಬೇಕು. ದಾರ ಇಮ್ಮಡಿಯಾದರೆ ಸುತ್ತಲು ಹಿಸ್ಟೋನುಗಳೂ ಇಮ್ಮಡಿ ಬೇಕು. ಅದಕ್ಕೇ ಆ ಜೀನುಗಳ ಪ್ರತಿಗಳು ಹಲವು. ಬಹುಪಾಲು ಒಂದೇ ಕೇರಿಯಲ್ಲಿ, ನಮ್ಮ ನೇಕಾರರ ಬೀದಿಯ ಹಾಗೆ, ಗೋಡೆಗೆ ಗೋಡೆ ಹಚ್ಚಿಕೊಂಡು ಕೂತಿರುತ್ತವೆ. ನಕಲಿನ ಕಾಲ ಬರುವವರೆಗೆ ಆ ಕೇರಿ ಹೆಚ್ಚು ಕಡಿಮೆ ತೂಕಡಿಸುತ್ತಿರುತ್ತದೆ. ಬಾಗಿಲಲ್ಲಿ ಒಂದು ಪ್ರೋಟೀನು ಕಾದಿರುತ್ತದೆ. ಕೋಶದ ಗಡಿಯಾರವನ್ನು ನಡೆಸುವ ಕಿಣ್ವವೊಂದು ಸರಿಯಾದ ಗಳಿಗೆಯಲ್ಲಿ ಬಂದು ಅದಕ್ಕೆ ಫಾಸ್ಫೇಟಿನ ಚೂರುಗಳನ್ನು ಅಂಟಿಸುತ್ತದೆ. ಅದೇ ಸನ್ನೆ. ಕೇರಿಗೆ ಕೇರಿಯೇ ಎದ್ದು ಸಂದೇಶಗಳನ್ನು ಬರೆದು ಕಳಿಸಲು ಶುರು ಮಾಡುತ್ತದೆ. ಬೇರೆ ಜೀನುಗಳ ಸಂದೇಶಗಳಿಗೆ ಉದ್ದನೆಯ ಬಾಲವಿರುತ್ತದೆ, ಹೆಚ್ಚು ಕಾಲ ಬಾಳಲಿ ಎಂದು. ಹಿಸ್ಟೋನಿನ ಸಂದೇಶಕ್ಕೆ ಬಾಲವಿಲ್ಲ, ತುದಿಯಲ್ಲಿ ಒಂದು ಸಣ್ಣ ಕುಣಿಕೆ ಅಷ್ಟೇ. ನಕಲು ಮುಗಿದರೆ, ಅಥವಾ ನಡುವೆಯೇ ನಿಂತುಹೋದರೆ, ಕೋಶ ಆ ಸಂದೇಶಗಳನ್ನು ಬೇಗನೆ ಚೂರುಚೂರು ಮಾಡಿಬಿಡುತ್ತದೆ. ದಾರವಿಲ್ಲದೆ ಬರೀ ಕಂಡಿಕೆ ರಾಶಿ ಬಿದ್ದರೆ ಕೋಶಕ್ಕೇ ಕೇಡು.

ಇಷ್ಟನ್ನೂ ನಾನು ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದೆ. ಕಿಣ್ವವಾಗಿ ಅಪ್ಪನಾದೆ: ಹತ್ತಿ ಚಿಂದಿಯಲ್ಲಿ ಕೈ ಒರೆಸಿ, ಅಂಗೈ ಎತ್ತಿ ತೋರಿಸಿದೆ. ಹಿಸ್ಟೋನ್ ಜೀನಾಗಿ ಅಜ್ಜಿಯೇ ಆದೆ: ಸೆರಗು ಸಿಕ್ಕಿಸಿ, ತುಟಿ ಬಿಗಿದು, ಕಂಡಿಕೆ ಮೇಲೆ ಕಂಡಿಕೆ. ಆಮೇಲೆ ಹೈಡ್ರಾಕ್ಸಿಯೂರಿಯಾ ಬಂತು. ಅದನ್ನು ಲೈನ್‌ಮನ್ ಮಾಡಿದೆ, ಹೊಟ್ಟೆ ಮುಂದೆ, ಬೆಲ್ಟು ಮೇಲೆ. ಮಗ್ಗ ನಿಂತಿತು, ಸನ್ನೆ ನಿಂತಿತು, ಅಜ್ಜಿಯಾಗಿದ್ದ ನಾನು ಕಂಡಿಕೆ ಬಿಸಾಡಿ ಕಾಫಿಗೆ ಎದ್ದೆ.

"ಈ ಮಾತ್ರೆ ದಾರ ನಕಲು ಮಾಡೋಕೆ ಬೇಕಾದ ಮಾಲು ಒಳಗೆ ತಯಾರಾಗ್ದಂಗೆ ಮಾಡತ್ತೆ" ಎಂದೆ. "ಮಜ್ಜೇಲಿ ಅತಿಯಾಗಿ ಓಡ್ತಾ ಇರೋ ಮಗ್ಗಗಳು ನಿಲ್ಲತ್ತೆ. ಓಡೋದನ್ನ ಮಾತ್ರ ನಿಲ್ಸತ್ತೆ, ಸುಮ್ನೆ ನಿಂತಿರೋದನ್ನ ಮುಟ್ಟಲ್ಲ."

"ಓಡೋ ಮಗ್ಗ ನಿಲ್ಸೋ ಮಾತ್ರೆ" ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡು ನುಂಗಿದಳು.

ಮಾರನೆಯ ದಿನ ಲ್ಯಾಬಿನಲ್ಲಿ ಈ ಪಾಠದ ಬಗ್ಗೆ ಕೊಚ್ಚಿಕೊಂಡಿದ್ದೂ ಉಂಟು. ಗೈಡ್ ಮೇಡಂ, "ಗುಡ್, ನಿಮ್ಮ ಥೀಸಿಸ್ ಕೂಡ ಅಷ್ಟೇ ಕ್ಲಿಯರ್ ಆಗಿ ಬರೀರಿ" ಎಂದರು. ಅವರ ದನಿಯಲ್ಲೇ ನಾನು ಅದನ್ನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ, ಪ್ರಯೋಜನ ಕಂಡಿಲ್ಲ.

ಮೊದಲ ತಿಂಗಳುಗಳಲ್ಲಿ ಎಲ್ಲ ಚೆನ್ನಾಗಿತ್ತು. ಬೆರಳುಗಳ ಉರಿ ಇಳಿಯಿತು, ರಕ್ತದ ವರದಿ ಸುಧಾರಿಸಿತು. ಅಜ್ಜಿ ಊಟ ಮಾತ್ರ ಕಡಿಮೆ ಮಾಡಿದ್ದಳು; ಕೇಳಿದರೆ ವಯಸ್ಸು ಎನ್ನುತ್ತಿದ್ದಳು. ಆಮೇಲೆ ಮದುವೆ ಕಾಲ ಮುಗಿದು ಸೀರೆಗಳು ಅಂಗಡಿಗಳಲ್ಲೇ ಉಳಿದವು. ದಲ್ಲಾಳಿ ಬಂದು, ಸದ್ಯಕ್ಕೆ ನೇಯಬೇಡಿ ಎಂದ. ನಮ್ಮ ಬೀದಿಯಲ್ಲಿ ಮಗ್ಗಗಳು ವಾರಗಟ್ಟಲೆ ನಿಂತವು. ಮಾತು ಹಾಗೇ ಕೇಳುವಂತಾಯಿತು. ಎಲ್ಲರೂ ಮೊದಲಿನಷ್ಟೇ ಜೋರಾಗಿ ಕೂಗಿ ಮಾತಾಡಿ, ಆಮೇಲೆ ನಾಚಿಕೊಂಡು ದನಿ ಇಳಿಸುತ್ತಿದ್ದೆವು.

ಅಂಥ ಒಂದು ಭಾನುವಾರ ಬೆಳಗ್ಗೆ ನಾನೂ ಅಜ್ಜಿಯೂ ಅಡುಗೆಮನೆಯ ಹೊಸ್ತಿಲ ಬಳಿ ಕಾಫಿ ಕುಡಿಯುತ್ತಿದ್ದೆವು. ದಲ್ಲಾಳಿ ಇವತ್ತಾದರೂ ಬರುತ್ತಾನಾ ಎಂದು ನಾನು ಕೇಳಿದೆ. ಅಜ್ಜಿ ನನ್ನ ಕಡೆ ತಿರುಗಿದಳು. ಬಾಯಿ ಎಡಗಡೆಗೆ ಎಳೆದಿತ್ತು. ಕೆನ್ನೆಯೊಳಗೆ ಏನೋ ತುಂಬಿಕೊಂಡ ಹಾಗೆ ಗೊಣಗೊಣ ಎಂದಳು.

ನಾನು ಜೋರಾಗಿ ನಕ್ಕೆ. ಅಷ್ಟು ಚೆನ್ನಾಗಿ ಅವಳು ಅವನನ್ನು ಎಂದೂ ಮಾಡಿರಲಿಲ್ಲ. ನಾನೂ ಬಾಯಿ ಎಡಕ್ಕೆ ಎಳೆದು, "ಈ ಪಟ್ಟೆ ಬಿದ್ದಿರೋದನ್ನ ಯಾರಮ್ಮ ತಗೋತಾರೆ" ಎಂದು ದಲ್ಲಾಳಿಯಾಗಿಯೇ ಉತ್ತರ ಕೊಟ್ಟೆ. ಅವಳು ಮತ್ತೆ ಗೊಣಗಿದಳು. ನಾನು ಮತ್ತೆ ಉತ್ತರಿಸಿದೆ. ಅವಳ ಕಣ್ಣು ಮಾತ್ರ ದಲ್ಲಾಳಿಯದಾಗಿರಲಿಲ್ಲ. ಅದು ನನ್ನನ್ನು ನೋಡುತ್ತಿತ್ತು, ತುಂಬಾ ದೂರದಿಂದ ಎಂಬಂತೆ. ಕಾಫಿಯ ಲೋಟ ಅವಳ ಕೈಯಲ್ಲಿ ಮೆಲ್ಲನೆ ವಾಲಿ, ಕಾಫಿ ಸೀರೆಯ ಮೇಲೆ ಹರಿಯಿತು. ಅವಳು ಅದನ್ನು ನೋಡಲೂ ಇಲ್ಲ.

ಬಚ್ಚಲಿನಿಂದ ಬಂದ ಅಪ್ಪ ಬಾಗಿಲಲ್ಲಿ ನಿಂತು, "ಅವ್ವ, ಯಾರ್ನ ಮಾಡ್ತಾ ಇದೀಯ?" ಎಂದರು.

ಅವಳು ಯಾರನ್ನೂ ಇಲ್ಲ ಎಂಬಂತೆ ತಲೆ ಆಡಿಸಿದಳು.

ನಮ್ಮ ಮನೆಯಲ್ಲಿ ಮಾತ್ರ ನಡೆಯಬಹುದಾದ ಸಂಗತಿ ಇದು. ಬೇರೆ ಯಾವ ಮನೆಯಲ್ಲಾದರೂ ಬಾಯಿ ಓರೆಯಾದರೆ ಆಸ್ಪತ್ರೆಗೆ ಓಡುತ್ತಾರೆ. ನಮ್ಮಲ್ಲಿ ಚಪ್ಪಾಳೆ ತಟ್ಟುತ್ತಾರೆ. ಆಟೋದಲ್ಲಿ ಅವಳ ತಲೆ ನನ್ನ ಭುಜದ ಮೇಲಿತ್ತು. ನಾನು ಅವಳ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ ಹೋದೆ. ತಾಲ್ಲೂಕು ಆಸ್ಪತ್ರೆಯ ಗೇಟು ದಾಟುವ ಹೊತ್ತಿಗೆ ಅವಳು ನನ್ನ ಬೆರಳನ್ನು ತಿರುಗಿ ಒತ್ತಿದಳು. ಅವಳ ಬಾಯಿಂದ ಮೊದಲು ಸ್ಪಷ್ಟವಾಗಿ ಬಂದ ಮಾತು, "ಉಗುರು ಕತ್ತರಿಸ್ಕೋಬಾರ್ದೇನೋ, ಚುಚ್ಚತ್ತೆ." ಅಪ್ಪ ಮುಖವನ್ನು ಆಚೆ ತಿರುಗಿಸಿಕೊಂಡು ಕನ್ನಡಕ ಒರೆಸತೊಡಗಿದರು. ಅವರಿಗೆ ಅವತ್ತು ಸಿಟ್ಟು ಬಂದಿರಲಿಲ್ಲ.

ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಮೆದುಳಿನ ಸ್ಕ್ಯಾನ್ ಆಯಿತು. ಹೆಪ್ಪು ಸ್ವಲ್ಪ ಹೊತ್ತು ಅಡ್ಡ ಬಂದು ತಾನಾಗಿ ಸರಿದಿದೆ, ಇದು ಎಚ್ಚರಿಕೆ, ಮುಂದಿನದು ಹೀಗೆ ಸರಿಯದೇ ಇರಬಹುದು ಎಂದರು. ಪ್ಲೇಟ್‌ಲೆಟ್‌ಗಳು ಮತ್ತೆ ಏರಿ ಕೂತಿದ್ದವು. ರಕ್ತದ ಡಾಕ್ಟರು ಬಂದು ಮಂಚದ ಪಕ್ಕ ಕುಳಿತರು.

"ಅಜ್ಜಿ, ಮಾತ್ರೆ ದಿನಾ ತಗೋತಾ ಇದೀರಾ?"

"ತಪ್ಸಿಲ್ಲಮ್ಮ. ಮಗ್ಗ ಓಡಿದ ದಿನ ಒಂದೂ ತಪ್ಸಿಲ್ಲ."

"ಮಗ್ಗ ಓಡದ ದಿನ?"

"ಅವತ್ತು ಯಾಕೆ ಬೇಕಮ್ಮ. ಓಡೋ ಮಗ್ಗ ನಿಲ್ಸೋಕೆ ತಾನೆ ಮಾತ್ರೆ ಇರೋದು. ನಾನೇ ಸುಮ್ನೆ ಕೂತಿರ್ತೀನಿ, ನನ್ನೊಳಗೆ ಯಾವ್ದು ಓಡತ್ತೆ. ಅಮಾವಾಸ್ಯೆಗೆ ರಜಾ, ಕರೆಂಟ್ ಇಲ್ದಿದ್ರೆ ರಜಾ. ಈಗಂತೂ ಎಷ್ಟು ದಿನದಿಂದ ಎಲ್ಲಾ ನಿಂತಿದೆ." ಅವಳು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು. "ನಮ್ಮ ಹುಡ್ಗಾನೇ ಹೇಳ್ಕೊಟ್ಟಿದ್ದು. ಇದ್ರಲ್ಲೇ ಡಾಕ್ಟ್ರಾಗ್ತಾ ಇದಾನೆ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರಗಳನ್ನು ಬಹಳ ಶ್ರದ್ಧೆಯಿಂದ ಓದಿದೆ.

"ಏನಪ್ಪಾ, ಯಾವುದ್ರಲ್ಲಿ ರಿಸರ್ಚು?"

"ಹಿಸ್ಟೋನ್ ಜೀನ್ಸ್, ಮೇಡಂ. ಸೆಲ್ ಸೈಕಲ್."

"ಸರಿ. ಪಾಠ ಅರ್ಧಕ್ಕೇ ನಿಲ್ಸಿದೀಯ. ಮನೆಗೆ ಹೋಗಿ ಪೂರ್ತಿ ಮಾಡು." ಅಜ್ಜಿಗೆ ಅವರು ನಿಧಾನವಾಗಿ, ಮೂರು ರೀತಿಯಲ್ಲಿ ಹೇಳಿದರು: ಹಬ್ಬವಾಗಲಿ, ಅಮಾವಾಸ್ಯೆಯಾಗಲಿ, ದಿನಾ. ಅಜ್ಜಿ ಆಯ್ತಮ್ಮ ಎಂದಳು. ಅವಳ ಆಯ್ತು ನನಗೆ ಗೊತ್ತು. ಅದನ್ನು ನಾನು ಮಾಡಿಯೂ ತೋರಿಸಬಲ್ಲೆ. ಅದರಲ್ಲಿ ಒಪ್ಪಿಗೆಗಿಂತ ಎದುರಿನವರನ್ನು ಬೇಗ ಎಬ್ಬಿಸಿ ಕಳಿಸುವ ಮರ್ಯಾದೆಯೇ ಹೆಚ್ಚು.

ಪಾಠದಲ್ಲಿ ನಾನು ಬಿಟ್ಟಿದ್ದೇನೆಂದು ವಾಪಸು ಬರುವ ದಾರಿಯಲ್ಲಿ ಹೊಳೆಯಿತು. ಲ್ಯಾಬಿನಲ್ಲಿ ನನ್ನ ಮೊದಲ ಕೆಲಸ ತಟ್ಟೆಯ ಕೋಶಗಳನ್ನೆಲ್ಲ ಒಂದೇ ಗೆರೆಯ ಮೇಲೆ ನಿಲ್ಲಿಸುವುದು. ಮೊದಲು ಎಲ್ಲವನ್ನೂ ತಡೆದು, ಆಮೇಲೆ ಒಟ್ಟಿಗೆ ಬಿಡುತ್ತೇವೆ. ಆಗ ಎಲ್ಲವೂ ಒಟ್ಟಿಗೆ ನಕಲು ಶುರು ಮಾಡುತ್ತವೆ, ಒಟ್ಟಿಗೆ ಮುಗಿಸುತ್ತವೆ. ಹಾಗೆ ಮಾಡದಿದ್ದರೆ ಹಿಸ್ಟೋನ್ ಜೀನುಗಳು ಏಳುವುದೂ ಮಲಗುವುದೂ ಅಳತೆಗೆ ಸಿಗುವುದಿಲ್ಲ. ವರ್ಷಗಟ್ಟಲೆ ಇಂಥ ಶಿಸ್ತಿನ ಕೋಶಗಳನ್ನೇ ನೋಡಿ, ಕೋಶಗಳೆಂದರೆ ಹೀಗೇ ಸಾಲಾಗಿ ನಡೆಯುವವು ಎಂಬಂತೆ ನಾನು ಅಜ್ಜಿಗೆ ಕಥೆ ಕಟ್ಟಿದ್ದೆ. ಅವಳ ಮಜ್ಜೆಯಲ್ಲಿ ಹಾಗೆ ಯಾರೂ ಗೆರೆ ಎಳೆದಿಲ್ಲ. ಅಲ್ಲಿ ಒಂದು ಕೋಶ ಈಗ ನಕಲು ಶುರು ಮಾಡಿರುತ್ತದೆ, ಇನ್ನೊಂದು ಮುಗಿಸಿರುತ್ತದೆ, ಮತ್ತೊಂದು ನಾಳೆ ಏಳುತ್ತದೆ. ಉಪಮೆ ನನ್ನದು, ಅಮಾವಾಸ್ಯೆ ಅವಳದು. ಎರಡೂ ಸೇರಿ ಅವಳ ಮೆದುಳಿನವರೆಗೆ ಹೋಗಿದ್ದವು.

ಮನೆಗೆ ಬಂದ ಮೇಲೆ ಅಮ್ಮ ದಿನಾ ಎದುರು ನಿಂತು ಮಾತ್ರೆ ನುಂಗಿಸಿದರು. ಕೆಲವು ದಿನಕ್ಕೆ ದಲ್ಲಾಳಿ ಹೊಸ ಆರ್ಡರು ತಂದ, ಮಗ್ಗಗಳು ಓಡಿದವು. ಅಜ್ಜಿಯೂ ಮೆಲ್ಲಗೆ ಕಂಡಿಕೆ ಯಂತ್ರದ ಮುಂದೆ ಕೂತಳು. ಆಮೇಲೆ ಅಮಾವಾಸ್ಯೆ ಬಂತು. ನಮ್ಮ ಬೀದಿಯಲ್ಲಿ ಅವತ್ತು ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗ ಒರೆಸಿ, ಪೂಜೆ ಮಾಡಿ, ಎಲೆ ಹಾಕಿ ಊಟ ಮಾಡುವ ದಿನ. ಬೆಳಗ್ಗೆ ಅಮ್ಮ ಮಾತ್ರೆ ಕೊಡಲು ಹೋದರೆ ಅಜ್ಜಿ, "ಇಡು, ತಗೋತೀನಿ" ಎಂದು ಪಟ್ಟಿಯನ್ನು ತಲೆದಿಂಬಿನ ಕೆಳಗೆ ತಳ್ಳಿದಳು. ಅಮ್ಮ ನನ್ನ ಕಡೆ ನೋಡಿ, ನಿನ್ನ ಶಿಷ್ಯೆ, ನೀನೇ ನೋಡ್ಕೋ ಎಂಬಂತೆ ಕೈ ಬೀಸಿದರು.

ನಾನು ಲ್ಯಾಬಿಗೆ ರಜೆ ಹೇಳಿ, ಅಜ್ಜಿಯ ಕೈ ಹಿಡಿದು ಮಹಡಿ ಹತ್ತಿಸಿದೆ.

"ಎಲ್ಲಿಗೋ ಎಳ್ಕೊಂಡು ಹೋಗ್ತೀಯ, ಮಂಡಿ ಬಿದ್ದೋಗತ್ತೆ."

"ಬಿದ್ರೆ ಕಂಡಿಕೆಗೆ ಸುತ್ತಿಡೋಣ, ಬಾ."

ನೀರಿನ ಟ್ಯಾಂಕಿನ ನೆರಳಲ್ಲಿ ಅವಳನ್ನು ಕೂರಿಸಿದೆ. ಕೆಳಗೆ ನಮ್ಮ ಬೀದಿ ತೊಳೆದಿಟ್ಟ ಹಾಗೆ ಶಾಂತವಾಗಿತ್ತು.

"ಏನು ಕೇಳ್ಸತ್ತೆ?" ಎಂದೆ.

"ಏನೂ ಇಲ್ಲ. ಅಮಾವಾಸ್ಯೆ ಅಲ್ವಾ."

"ಸ್ವಲ್ಪ ಕೇಳು."

ಅವಳು ಕತ್ತು ವಾಲಿಸಿದಳು. ಕಣ್ಣು ಮುಚ್ಚಿಕೊಂಡಳು. "ಹಿಂದಿನ ಬೀದೀಲಿ ಎರಡು ಓಡ್ತಾ ಇದೆ. ಅವ್ರಿಗೆ ಶುಕ್ರವಾರ ರಜಾ." ಇನ್ನೂ ಕೇಳಿದಳು. "ಅಲ್ಲಿ ಆ ಕಡೆ ಫ್ಯಾಕ್ಟ್ರಿ. ಅವ್ರಿಗೆ ಭಾನುವಾರ. ಇನ್ನೊಂದು ಈಗ ನಿಂತ್ಕೊಳ್ತು. ಎಳೆ ಕಿತ್ತಿರ್ಬೇಕು. ಹಾ, ಮತ್ತೆ ಶುರು ಮಾಡಿದ್ರು."

"ಈ ಊರಲ್ಲಿ ಎಲ್ಲಾ ಮಗ್ಗಾನೂ ಒಂದೇ ದಿನ ನಿಂತಿದ್ದು ನೋಡಿದೀಯಾ?"

"ಲಾಕ್‌ಡೌನಲ್ಲಿ."

"ಅದು ಬಿಟ್ಟು."

"ಇಲ್ಲ ಬಿಡು."

"ನಿನ್ನ ಮೂಳೆ ಒಳಗೂ ಇಷ್ಟೇ ಅಜ್ಜಿ. ನಿನಗೆ ರಜಾ ಇರ್ಬೋದು, ಅವಕ್ಕಿಲ್ಲ. ಅವು ನಮ್ಮ ಮಗ್ಗ ನೋಡ್ಕೊಂಡು ನಡಿಯಲ್ಲ. ಒಂದು ನಿಂತ್ರೆ ಇನ್ನೊಂದು ಓಡ್ತಿರತ್ತೆ. ಇವತ್ತು ಏಳೋದನ್ನ ಇವತ್ತಿನ ಮಾತ್ರೇನೇ ನಿಲ್ಸಬೇಕು. ನಾನು ಅವತ್ತು ಹೇಳಿದ್ದು ತಟ್ಟೇಲಿರೋ ಕೋಶಗಳ ಕಥೆ. ಅವನ್ನ ನಾವು ಬೆದರ್ಸಿ ಸಾಲಲ್ಲಿ ನಿಲ್ಸಿರ್ತೀವಿ."

ಅವಳು ಕಣ್ಣು ತೆರೆದಳು. "ಇದು ಆಸ್ಪತ್ರೇಲೇ ಅರ್ಥ ಆಗಿತ್ತು ಕಣೋ. ಆ ಡಾಕ್ಟ್ರಮ್ಮ ಮೂರು ಸಲ ಹೇಳಿದ್ರಲ್ಲ."

"ಮತ್ತೆ ಮಂಡಿ ನೋವು ಅಂತ ಅಂದ್ಕೊಂಡು ಮಹಡಿ ಯಾಕೆ ಹತ್ತಿದೆ?"

"ನೀನು ಅಷ್ಟು ಆಸೆಯಿಂದ ಕರೆದೆ. ಹೇಳ್ಕೊಳ್ಲಿ ಅಂತ."

ಒಂದು ಕಾಗೆ ಬಂದು ಟ್ಯಾಂಕಿನ ಮೇಲೆ ಕೂತಿತು. ಅದನ್ನೂ ಅನುಕರಿಸಬೇಕೆನಿಸಲಿಲ್ಲ.

"ಹಂಗಾದ್ರೆ ಬೆಳಗ್ಗೆ ದಿಂಬಿನ ಕೆಳಗೆ ಯಾಕೆ ಇಟ್ಟೆ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅದನ್ನ ನುಂಗಿದ ದಿನ ಬಾಯಿ ಸತ್ತೋಗತ್ತೆ ಕಣೋ. ಹೊಟ್ಟೆ ತೊಳ್ಸತ್ತೆ. ಸಾರೂ ಒಂದೇ, ಬೂದೀನೂ ಒಂದೇ. ಸಂಜೆ ಹೊತ್ಗೆ ಸ್ವಲ್ಪ ಸರಿಹೋಗತ್ತೆ, ಅಷ್ಟ್ರಲ್ಲಿ ಊಟ ಮುಗ್ದಿರತ್ತೆ. ಮದ್ವೆ ಆಗಿ ಈ ಮನೆಗೆ ಬಂದಾಗಿಂದ ನಂಗೆ ಅಂತ ಇದ್ದಿದ್ದು ಒಂದು ಅಮಾವಾಸ್ಯೆ. ಅವತ್ತು ಕೂತ್ಕೊಂಡು, ನಿಧಾನಕ್ಕೆ, ಬಾಯಿಗೆ ರುಚಿಯಾಗಿ ತಿಂತಿದ್ದೆ. ಆಗ ನಿನ್ನ ಮಗ್ಗದ ಕಥೆ ನೆನಪಾಗಿ, ಸದ್ಯ, ಅಮಾವಾಸ್ಯೆ ನಂಗೇ ಉಳೀತು ಅಂದ್ಕೊಂಡೆ."

ಅಷ್ಟು ತಿಂಗಳು ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದೆವು. ಅವಳು ತುತ್ತನ್ನು ಚಿಕ್ಕದು ಮಾಡಿದ್ದನ್ನು ನಾನು ನೋಡಿದ್ದೆ, ಅದನ್ನು ಅನುಕರಿಸಿ ನಗಿಸಿಯೂ ಇದ್ದೆ. ಬಾಯಿಗೆ ರುಚಿ ಹತ್ತುತ್ತಿಲ್ಲ ಎಂದು ಅವಳು ಹೇಳಿರಲಿಲ್ಲ. ಡಾಕ್ಟರಿಗೂ ಹೇಳಿರಲಿಲ್ಲ, ಕೊಟ್ಟ ಔಷಧಿಯ ಮೇಲೆ ದೂರು ಹೇಳುವುದು ಬಡಿಸಿದ ಊಟಕ್ಕೆ ಉಪ್ಪಿಲ್ಲ ಎಂದ ಹಾಗೆ ಎಂದು ಅವಳ ಲೆಕ್ಕ.

ಅಲ್ಲೇ ಕೂತು, ಸ್ಪೀಕರ್ ಹಾಕಿ, ಡಾಕ್ಟರಿಗೆ ಫೋನು ಮಾಡಿದೆ. ಅವರ ಸಹಾಯಕಿ ಎತ್ತಿ, ಕಾಯಿಸಿ, ಕೊನೆಗೆ ಕೊಟ್ಟರು. ನಾನು ನನ್ನ ಸ್ವಂತ ದನಿಯಲ್ಲೇ ಎಲ್ಲವನ್ನೂ ಹೇಳಿದೆ. ಅವರು ಬಾಯಿಯಲ್ಲಿ ಹುಣ್ಣಿದೆಯೇ ಎಂದು ಕೇಳಿದರು. ಅಜ್ಜಿ ಇಲ್ಲ ಎಂದಳು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರು. ಅಜ್ಜಿ ಆಕಾಶ ನೋಡಿದಳು.

"ಬೆಳಗ್ಗೆ ಬೇಡ" ಎಂದರು ಡಾಕ್ಟರು. "ರಾತ್ರಿ ಊಟ ಆದ್ಮೇಲೆ, ಮಲಗೋಕೆ ಮುಂಚೆ ತಗೊಳ್ಲಿ. ಸಂಕಟ ನಿದ್ದೇಲೇ ಕಳ್ದೋಗತ್ತೆ. ಆದ್ರೆ ಒಂದು ದಿನಾನೂ ತಪ್ಪಿಸ್ಬಾರ್ದು. ಮುಂದಿನ ವಾರ ರಕ್ತ ನೋಡೋಣ, ಆಗ ಊಟದ ವಿಷ್ಯಾನೂ ಹೇಳ್ಬೇಕು ಅಂತ ಅವರಿಗೆ ಹೇಳು."

"ಕೇಳಿಸ್ತಮ್ಮ" ಎಂದಳು ಅಜ್ಜಿ, ಫೋನಿನ ಕಡೆ ಬಾಗಿ. ಈ ಸಲ ಆಯ್ತು ಎನ್ನಲಿಲ್ಲ. ಅದರಿಂದಲೇ ನನಗೆ ಧೈರ್ಯ ಬಂತು.

ಮಧ್ಯಾಹ್ನ ಮಗ್ಗದ ಮನೆಯಲ್ಲೇ ಎಲೆ ಹಾಕಿದೆವು. ಅಮ್ಮ ಅಂಬೊಡೆ ಕರಿದಿದ್ದರು, ಹೆಸರುಬೇಳೆ ಪಾಯಸ ಮಾಡಿದ್ದರು. ಅಜ್ಜಿ ಬಹಳ ನಿಧಾನವಾಗಿ ತಿಂದಳು. ನಾವು ಮೂವರೂ ನಮ್ಮ ನಮ್ಮ ಎಲೆ ನೋಡಿಕೊಳ್ಳುವ ನಟನೆ ಮಾಡುತ್ತ ಅವಳನ್ನೇ ನೋಡುತ್ತಿದ್ದೆವು. ಅವಳು ತಲೆ ಎತ್ತದೆಯೇ, "ನಾನೇನು ಸಿನಿಮಾನಾ, ತಿನ್ರೋ" ಎಂದಳು. ಸಾರಿಗೆ ಹುಳಿ ಸ್ವಲ್ಪ ಮುಂದಾಗಿದೆ ಎಂದು ಅಮ್ಮನಿಗೆ ಹೇಳಿದಳು. ತನ್ನ ಸಾರಿಗೆ ಹೆಸರಿಡುವುದನ್ನು ಅಮ್ಮ ಅಷ್ಟು ಸಂತೋಷದಿಂದ ಕೇಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಬೇಗನೇ ಊಟ ಮುಗಿಸಿದೆವು. ನಾನು ದಿಂಬಿನ ಕೆಳಗಿನಿಂದ ಪಟ್ಟಿ ತೆಗೆದು, ಮಾತ್ರೆ ಒತ್ತಿ, ನೀರಿನ ಲೋಟದ ಜೊತೆ ಅವಳ ಮುಂದೆ ಹಿಡಿದೆ. ಅವಳು ನೀರನ್ನು ಪಕ್ಕಕ್ಕೆ ಇಟ್ಟಳು.

"ಪಾಯಸ ಮಿಕ್ಕಿದೆಯಾ?" ಎಂದು ಕೇಳಿದಳು.

"ಈಗ ತಾನೆ ಊಟ ಆಯ್ತಲ್ಲ ಅಜ್ಜಿ."

"ಬರೀ ಮೊಸರನ್ನ. ಅದೇನು ಊಟಾನಾ. ಊಟ ಆದ್ಮೇಲೆ ಅಂತ ಡಾಕ್ಟ್ರು ಹೇಳಿದಾರೆ. ತಾ, ಮೊದ್ಲು ಊಟ ಆಗ್ಲಿ."

ಪಾತ್ರೆಯ ತಳದಲ್ಲಿದ್ದುದನ್ನು ಬಟ್ಟಲಿಗೆ ಬಳಿದು ತಂದೆ. ಅವಳು ಚಮಚ ಬೇಡ ಎಂದು ಬೆರಳಲ್ಲೇ ತಿಂದಳು, ಕಣ್ಣು ಅರ್ಧ ಮುಚ್ಚಿಕೊಂಡು, ಒಂದು ದ್ರಾಕ್ಷಿಯನ್ನು ಕೊನೆಗೆಂದು ಬಟ್ಟಲಿನ ಅಂಚಿಗೆ ಸರಿಸಿಟ್ಟು. ಅದನ್ನೂ ತಿಂದ ಮೇಲೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ನೀರು ಕುಡಿದಳು. ಲೋಟ ಖಾಲಿಯಾಗುವವರೆಗೆ ನಾನು ಪಕ್ಕದಲ್ಲೇ ಕೂತಿದ್ದೆ.